ಬೋನ್ ಮ್ಯಾರೋ ಕಸಿಯಾಗಿ ಊರಿಗೆ ಮರಳಿದ ಮೇಲೆ: ಗೋಗಿಯಂಥ ಹಳ್ಳಿಯ ಮನೆಗೆ ಕೈಪಿಡಿ

ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಡುವ ಡಿಸ್‌ಚಾರ್ಜ್ ಚೀಟಿಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಬೆಂಗಳೂರಿನ ಜಯನಗರದಲ್ಲಿ ಮನೆಯಿದ್ದವರಿಗೆ ಅಷ್ಟು ಸಾಕು, ಆಟೋ ಹತ್ತಿದರಾಯಿತು. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿರುವವರು ಅದನ್ನು ಅಕ್ಷರಶಃ ಪಾಲಿಸಬೇಕೆಂದರೆ ಮೊದಲು ಯಾದಗಿರಿ ಸ್ಟೇಷನ್ನಿಗೆ ಹೋಗಬೇಕು, ರಾತ್ರಿಯ ರೈಲು ಹಿಡಿಯಬೇಕು, ಸುಮಾರು 500 ಕಿಲೋಮೀಟರ್ ದಾಟಬೇಕು. ಬಿಳಿ ರಕ್ತಕಣ ಕಡಿಮೆಯಿರುವವರಿಗೆ ಜ್ವರ ಬಂದಾಗ ಮೊದಲ ಆ್ಯಂಟಿಬಯೋಟಿಕ್ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಹೋಗಬೇಕೆಂಬುದು ವೈದ್ಯಕೀಯದ ಒಪ್ಪಿತ ನಿಯಮ. ಒಂದು ಗಂಟೆಯ ಕೆಲಸಕ್ಕೆ ಒಂದು ರಾತ್ರಿಯ ಪ್ರಯಾಣ ಎಂಬ ಈ ಲೆಕ್ಕ ಎಲ್ಲಿಯೂ ಕೂಡುವುದಿಲ್ಲ. ಕಸಿಯ ನಂತರದ ತೊಡಕುಗಳನ್ನು ತಡೆಯುವ ಕೆಲಸದಲ್ಲಿ ದೊಡ್ಡ ಆಸ್ಪತ್ರೆಯ ಪಾಲು ಎಷ್ಟಿದೆಯೋ ಮನೆಯ ಮತ್ತು ಹತ್ತಿರದ ಸಣ್ಣ ಆಸ್ಪತ್ರೆಯ ಪಾಲೂ ಅಷ್ಟೇ ಇದೆ. ಆ ಪಾಲು ಏನೆಂಬುದನ್ನು ಊರಿಗೆ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಕಸಿ ಈಗ ಹೊಸದಲ್ಲ. ಭಾರತದಲ್ಲಿ ಮೊದಲ ಕಸಿ 1983ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಡೆಯಿತು, 1986ರಲ್ಲಿ ವೆಲ್ಲೂರಿನ ಸಿಎಂಸಿ ಶುರುಮಾಡಿತು. ಈ ಚಿಕಿತ್ಸೆಯನ್ನು ರೂಪಿಸಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ಇಂದು ಬೆಂಗಳೂರಿನ ಹಲವು ಖಾಸಗಿ ಆಸ್ಪತ್ರೆಗಳಲ್ಲಿ, ಸರ್ಕಾರದ ಕಿದ್ವಾಯಿ ಸಂಸ್ಥೆಯಲ್ಲಿಯೂ ಕಸಿ ಘಟಕಗಳಿವೆ.

ಯಾವ ಕಸಿ, ಯಾವ ಅಪಾಯ

ಮಲ್ಟಿಪಲ್ ಮೈಲೋಮಾ, ಲಿಂಫೋಮಾದಂಥ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ರೋಗಿಯದೇ ಕಾಂಡಕೋಶಗಳನ್ನು ತೆಗೆದಿಟ್ಟು, ಬಿರುಸಾದ ಕೀಮೋ ಕೊಟ್ಟ ಮೇಲೆ ಮರಳಿ ಸೇರಿಸುತ್ತಾರೆ. ರಕ್ತಕ್ಯಾನ್ಸರ್, ಅಪ್ಲಾಸ್ಟಿಕ್ ಅನೀಮಿಯಾ, ಥಲಸ್ಸೀಮಿಯಾಗಳಲ್ಲಿ ಬೇರೊಬ್ಬರ ಕೋಶ ಬೇಕಾಗುತ್ತದೆ. ಎರಡರಲ್ಲಿಯೂ ಕೀಮೋದಿಂದ ಹಳೆಯ ಮಜ್ಜೆ ಬರಿದಾಗಿ, ಹೊಸ ಕೋಶ ಬೇರೂರಿ ರಕ್ತ ತಯಾರಿಸುವವರೆಗೆ ಎರಡರಿಂದ ನಾಲ್ಕು ವಾರ ದೇಹಕ್ಕೆ ಕಾವಲಿರುವುದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ಎಣಿಕೆ ಸತತ ಮೂರು ದಿನ 500ಕ್ಕಿಂತ ಮೇಲಿದ್ದರೆ ಕೋಶ ಹಿಡಿಯಿತೆಂದು ಲೆಕ್ಕ. ಬೇರೆಯವರ ಕೋಶ ಪಡೆದವರಿಗೆ ಇನ್ನೊಂದು ಅಪಾಯವಿದೆ. ಬಂದ ರೋಗನಿರೋಧಕ ಕಣಗಳು ರೋಗಿಯ ದೇಹವನ್ನೇ ಪರಕೀಯವೆಂದು ತಿಳಿದು ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳಬಹುದು. ಇದನ್ನು ವೈದ್ಯರು ಜಿವಿಎಚ್‌ಡಿ ಎನ್ನುತ್ತಾರೆ. ಅದನ್ನು ಹತೋಟಿಯಲ್ಲಿಡಲು ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಕೊಡುತ್ತಾರೆ. ಆ ಗುಳಿಗೆಗಳು ನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಸೋಂಕಿಗೆ ಬಾಗಿಲು ತೆರೆಯುತ್ತದೆ. ಗುಳಿಗೆ ಬಿಟ್ಟರೆ ಜಿವಿಎಚ್‌ಡಿ ಕೆರಳುತ್ತದೆ, ಹೆಚ್ಚಾದರೆ ಸೋಂಕು ಏಳುತ್ತದೆ. ಮುಂದಿನ ಎಚ್ಚರಿಕೆಗಳೆಲ್ಲ ಈ ಇಕ್ಕಟ್ಟಿನಿಂದ ಹುಟ್ಟಿದವು.

ಕೋಶ ಸೇರಿಸಿದ ದಿನವನ್ನು ಸೊನ್ನೆಯೆಂದು ಹಿಡಿದು ಎಣಿಸುತ್ತಾರೆ. ಮೊದಲ ತಿಂಗಳ ತೊಡಕುಗಳಾದ ಬಾಯಿಹುಣ್ಣು, ರಕ್ತಸ್ರಾವ, ಬ್ಯಾಕ್ಟೀರಿಯಾ ಸೋಂಕು, ಯಕೃತ್ತಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವುದು ಬಹುತೇಕ ಆಸ್ಪತ್ರೆಯಲ್ಲಿಯೇ ಕಾಣಿಸಿಕೊಳ್ಳುತ್ತವೆ. ಅಲ್ಲಿ ಅವುಗಳಿಗೆ ಮದ್ದಿದೆ: ಯಕೃತ್ತಿಗೆ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ, ಕೈಮೀರಿದರೆ ಡಿಫೈಬ್ರೋಟೈಡ್. ಮೆಲ್ಫಲಾನ್ ಎಂಬ ಕೀಮೋ ಔಷಧ ಕೊಡುವ ಹೊತ್ತಿನಲ್ಲಿ ಬಾಯಲ್ಲಿ ಮಂಜುಗಡ್ಡೆ ಚೂರು ಇಟ್ಟುಕೊಂಡರೆ ಬಾಯಿಹುಣ್ಣು ಕಡಿಮೆಯಾಗುತ್ತದೆ, ಇಷ್ಟು ಅಗ್ಗದ ಉಪಾಯ ಈ ಚಿಕಿತ್ಸೆಯಲ್ಲಿ ಮತ್ತೊಂದಿಲ್ಲ. ಮನೆಯವರ ಸರದಿ ಅಲ್ಲಿಂದ ಮುಂದೆ. ಎರಡನೆಯ ಮತ್ತು ಮೂರನೆಯ ತಿಂಗಳು ಸೈಟೋಮೆಗಾಲೋ ವೈರಸ್, ಶಿಲೀಂಧ್ರ, ಜಿವಿಎಚ್‌ಡಿಗಳ ಕಾಲ. ಆಮೇಲೆ ಸರ್ಪಸುತ್ತು, ನ್ಯುಮೋನಿಯಾ, ದೀರ್ಘಕಾಲದ ಜಿವಿಎಚ್‌ಡಿ.

ನೂರನೆಯ ದಿನ ದಾಟಿದರೆ ಗೆದ್ದಂತೆ ಎಂಬ ನಂಬಿಕೆ ರೋಗಿಗಳಲ್ಲಿ ಬಲವಾಗಿದೆ. ಅದು ಹಿಂದಿನ ವೈದ್ಯರು ಲೆಕ್ಕದ ಅನುಕೂಲಕ್ಕೆ ಎಳೆದ ಗೆರೆ. ಜಿವಿಎಚ್‌ಡಿ ತೀವ್ರವೋ ದೀರ್ಘಕಾಲದ್ದೋ ಎಂಬುದನ್ನು ಈಗ ಲಕ್ಷಣ ನೋಡಿ ತೀರ್ಮಾನಿಸುತ್ತಾರೆಯೇ ಹೊರತು ದಿನ ಎಣಿಸಿ ಅಲ್ಲ. ನೂರನೆಯ ದಿನ ಆಸ್ಪತ್ರೆಯವರು ಊರಿಗೆ ಹೋಗಲು ಒಪ್ಪಿದರೆ, ಕಾವಲಿನ ಕೆಲಸ ನಿಮ್ಮ ಕೈಗೆ ಬಂದಿದೆ ಎಂದು ತಿಳಿಯಿರಿ.

ಹೊರಡುವ ಮುಂಚೆ ಮತ್ತು ಊರಿನಲ್ಲಿ

1. ಕಸಿ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ನಿಮಗೆಂದಲ್ಲ, ಶಹಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿರುವ ವೈದ್ಯರಿಗೆಂದು. ಯಾವ ಕಸಿ, ಯಾವ ದಿನಾಂಕ, ಈಗ ನಡೆಯುತ್ತಿರುವ ಗುಳಿಗೆಗಳು, ಯಾವ ಔಷಧ ಒಗ್ಗುವುದಿಲ್ಲ, ಜ್ವರ ಬಂದರೆ ಮೊದಲು ಕೊಡಬೇಕಾದ ಆ್ಯಂಟಿಬಯೋಟಿಕ್ ಮತ್ತು ಅದರ ಪ್ರಮಾಣ, ಹಗಲು ರಾತ್ರಿ ಸಿಗುವ ಫೋನ್ ನಂಬರು ಅದರಲ್ಲಿರಲಿ. ಯಾವ ಆ್ಯಂಟಿಬಯೋಟಿಕ್ ಎಂಬುದನ್ನು ಕಸಿ ಘಟಕವೇ ಹೇಳಬೇಕು. ನಮ್ಮ ದೇಶದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚು, ರೋಗಿಯ ಕರುಳಿನಲ್ಲಿ ಅಂಥವು ಇದ್ದರೆ ಅವರಿಗೆ ಮೊದಲೇ ಗೊತ್ತಿರುತ್ತದೆ. ಪತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಊರಿಗೆ ಬಂದ ವಾರದಲ್ಲಿಯೇ, ಜ್ವರ ಇಲ್ಲದಾಗಲೇ, ಪತ್ರ ಹಿಡಿದು ಸ್ಥಳೀಯ ವೈದ್ಯರನ್ನು ಕಂಡು ಬನ್ನಿ. ಆ ಔಷಧ ಶಹಾಪುರದಲ್ಲಿ ಸಿಗುತ್ತದೆಯೇ, ಇಲ್ಲದಿದ್ದರೆ ಯಾದಗಿರಿ ಅಥವಾ ಕಲಬುರಗಿಯಿಂದ ತರಿಸಿಡಬೇಕೇ ಎಂಬುದು ಅಂದೇ ತೀರ್ಮಾನವಾಗಲಿ.

ಇಲ್ಲಿನ ಡಾಕ್ಟರಿಗೆ ಕಸಿಯ ಬಗ್ಗೆ ಏನು ಗೊತ್ತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವೇ. ಆದರೆ ಮೊದಲ ಗಂಟೆಯಲ್ಲಿ ಬೇಕಾದದ್ದು ಕಸಿಯ ಪರಿಣತಿಯಲ್ಲ. ರಕ್ತನಾಳಕ್ಕೆ ಸೂಜಿ ಹಾಕುವುದು, ಸಾಧ್ಯವಿದ್ದರೆ ಕಲ್ಚರ್‌ಗೆ ರಕ್ತ ತೆಗೆಯುವುದು, ಪತ್ರದಲ್ಲಿರುವ ಔಷಧ ಕೊಡುವುದು, ಸಲೈನ್ ಹಚ್ಚುವುದು, ಬಿಪಿ ನೋಡುವುದು, ಫೋನ್ ಮಾಡುವುದು. ಇವು ಯಾವ ಎಂಬಿಬಿಎಸ್ ವೈದ್ಯರಿಗೂ ಬರುವ ಕೆಲಸಗಳೇ. ಅಷ್ಟಾದ ಮೇಲೆ ಕಲಬುರಗಿಗೋ ಬೆಂಗಳೂರಿಗೋ ಸಾಗಿಸಿದರೆ ರೋಗಿ ಚಿಕಿತ್ಸೆ ಶುರುವಾದವನಾಗಿ ಪ್ರಯಾಣ ಮಾಡುತ್ತಾನೆ.

2. ಜ್ವರವನ್ನು ಕೈಯಿಂದ ಮುಟ್ಟಿ ನೋಡಬೇಡಿ, ಥರ್ಮಾಮೀಟರಿನಿಂದ ಅಳೆಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಹೊರಡಿ, 108ಕ್ಕೆ ಫೋನ್ ಮಾಡಿ. ಅಳೆಯುವ ಮುಂಚೆ ಪ್ಯಾರಾಸಿಟಮಾಲ್ ನುಂಗಿಸಬೇಡಿ. ಗುಳಿಗೆ ಜ್ವರದ ಅಂಕಿಯನ್ನು ಇಳಿಸುತ್ತದೆ, ಸೋಂಕನ್ನಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಘೋರ ಸೋಂಕಿನಲ್ಲಿಯೂ ಜ್ವರ ಏರದಿರಬಹುದು. ಅಂಥವರಲ್ಲಿ ಚಳಿ ನಡುಕ, ತಲೆಸುತ್ತು, ಹೊಸ ಕೆಮ್ಮು, ಉಸಿರಿನ ತ್ರಾಸ, ಮಂಕು ಕಂಡರೂ ಜ್ವರವೆಂದೇ ಲೆಕ್ಕ. ಎದೆಯಲ್ಲಿ ಅಥವಾ ತೋಳಿನಲ್ಲಿ ಔಷಧ ಹಾಯಿಸುವ ಕೊಳವೆ (ಲೈನ್) ಇದ್ದು, ಅದಕ್ಕೆ ಸಲೈನ್ ಹಾಯಿಸಿದ ಕೂಡಲೇ ನಡುಕ ಬಂದರೆ ಸೋಂಕು ಆ ಕೊಳವೆಯಲ್ಲಿಯೇ ಇರಬಹುದೆಂದು ವೈದ್ಯರಿಗೆ ಹೇಳಿ.

3. ಗುಳಿಗೆಗಳ ವಿಷಯದಲ್ಲಿ ಗಡಿಯಾರ ನೋಡಿ. ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ರಕ್ತದಲ್ಲಿ ಎಷ್ಟಿದೆಯೆಂದು ಅಳೆಯುವ ಪರೀಕ್ಷೆಯನ್ನು ಬೆಳಗಿನ ಗುಳಿಗೆಗೆ ಮುಂಚೆ ಮಾಡಬೇಕು. ಗುಳಿಗೆ ನುಂಗಿ ಬಂದು ರಕ್ತ ಕೊಟ್ಟರೆ ಅಂಕಿ ಸುಳ್ಳಾಗುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಕೆಲವು ದಿನಗಳಲ್ಲಿ ಜಿವಿಎಚ್‌ಡಿ ಕಾಣಿಸಿಕೊಳ್ಳಬಹುದು. ಶಿಲೀಂಧ್ರ ತಡೆಯುವ ವೊರಿಕೊನಜೋಲ್, ಪೊಸಕೊನಜೋಲ್ ಗುಳಿಗೆಗಳು ಇವುಗಳ ಮಟ್ಟವನ್ನು ಏರಿಸುತ್ತವೆ, ಟಿಬಿಯ ರಿಫಾಂಪಿಸಿನ್ ಇಳಿಸುತ್ತದೆ. ಚಕ್ಕೋತ ಹಣ್ಣೂ ಏರಿಸಬಲ್ಲದು. ಆದ್ದರಿಂದ ಯಾವ ಹೊಸ ಗುಳಿಗೆಯನ್ನೂ, ಮೆಡಿಕಲ್ ಅಂಗಡಿಯವರು ಕೊಟ್ಟದ್ದನ್ನೂ, ಕೇಳದೆ ಸೇರಿಸಬೇಡಿ, ಬಿಡಬೇಡಿ. ಕೋಟ್ರಿಮಾಕ್ಸಜೋಲ್ ಮತ್ತು ಅಸೈಕ್ಲೋವಿರ್ ನೋಡಲು ಸಾದಾ ಗುಳಿಗೆಗಳು. ಮೊದಲನೆಯದು ಒಂದು ಬಗೆಯ ಮಾರಕ ನ್ಯುಮೋನಿಯಾವನ್ನೂ ಎರಡನೆಯದು ಸರ್ಪಸುತ್ತನ್ನೂ ತಡೆಯುತ್ತದೆ. ಆರಾಮ ಅನಿಸಿದ ಕೂಡಲೇ ಜನ ಬಿಡುವುದು ಇವನ್ನೇ. ಬೇಸಿಗೆಯಲ್ಲಿ ಪತ್ರಾಸಿನ ಮನೆಯೊಳಗಿನ ಜಳ ಗುಳಿಗೆಗಳಿಗೂ ಆಗದು. ಮನೆಯ ಅತಿ ತಂಪಾದ, ಒಣಗಿದ ಮೂಲೆಯಲ್ಲಿಡಿ.

ಸೈಟೋಮೆಗಾಲೋ ವೈರಸ್ ನಮ್ಮ ದೇಶದ ಬಹುತೇಕ ವಯಸ್ಕರ ದೇಹದಲ್ಲಿ ಸುಮ್ಮನೆ ಮಲಗಿರುತ್ತದೆ. ಅದು ಎದ್ದದ್ದು ಲಕ್ಷಣದಿಂದ ತಿಳಿಯುವ ಹೊತ್ತಿಗೆ ಪುಪ್ಪುಸಕ್ಕೋ ಕರುಳಿಗೋ ಇಳಿದಿರುತ್ತದೆ. ಅದಕ್ಕೇ ಏನೂ ತೊಂದರೆ ಇಲ್ಲದಾಗಲೂ ಮೊದಲ ತಿಂಗಳುಗಳಲ್ಲಿ ವಾರವಾರ ಪಿಸಿಆರ್ ಪರೀಕ್ಷೆ ಕೇಳುತ್ತಾರೆ. ವೈರಸ್ ಏರುತ್ತಿದ್ದರೆ ಗ್ಯಾನ್‌ಸೈಕ್ಲೋವಿರ್ ಜಾತಿಯ ಔಷಧದಿಂದ ಅಲ್ಲಿಯೇ ತಡೆಯುತ್ತಾರೆ. ಇದಕ್ಕೆಂದು ಪ್ರತಿ ವಾರ ಬೆಂಗಳೂರಿಗೆ ಓಡಬೇಕಿಲ್ಲ. ದೊಡ್ಡ ಲ್ಯಾಬುಗಳ ಸಂಗ್ರಹ ಕೇಂದ್ರಗಳು ಕಲಬುರಗಿಯಲ್ಲಿವೆ, ಯಾವ ಲ್ಯಾಬಿನ ಅಂಕಿ ತಮಗೆ ಒಪ್ಪಿಗೆಯೆಂದು ಕಸಿ ಘಟಕವನ್ನು ಕೇಳಿ, ಪ್ರತಿಸಲ ಅಲ್ಲಿಯೇ ಮಾಡಿಸಿ.

4. ನೀರು. ಗೋಗಿಯ ಸುತ್ತ ಈ ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಎರಡು ಬೇರೆಬೇರೆ ಸಮಸ್ಯೆಗಳಿವೆ, ಒಂದರ ಪರಿಹಾರ ಇನ್ನೊಂದಕ್ಕೆ ಆಗುವುದಿಲ್ಲ. ಗೋಗಿಯ ನೆಲದಲ್ಲಿ ಯುರೇನಿಯಂ ನಿಕ್ಷೇಪವಿದೆ, ಅಂತರ್ಜಲದಲ್ಲಿಯೂ ಅದರ ಅಂಶ ಹೆಚ್ಚಿರುವುದು ವರದಿಯಾಗಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಕಂಡದ್ದೂ ಹಳೆಯ ಸುದ್ದಿ. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನೀರಿನ ಮೂಲಕ ಒಳಸೇರುವ ಯುರೇನಿಯಂನ ಮುಖ್ಯ ಹಾನಿ ವಿಕಿರಣದಿಂದಲ್ಲ, ಮೂತ್ರಪಿಂಡಕ್ಕೆ ಅದು ಮಾಡುವ ರಾಸಾಯನಿಕ ಪೆಟ್ಟಿನಿಂದ. ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಕೂಡ ಮೂತ್ರಪಿಂಡದ ರಕ್ತನಾಳಗಳನ್ನು ಬಿಗಿಯುತ್ತವೆ. ಈ ರೋಗಿಯ ಮೂತ್ರಪಿಂಡಕ್ಕೆ ಮತ್ತೊಂದು ಹೊರೆ ಹೊರಿಸದಿರುವುದು ಜಾಣತನ.

ಕುದಿಸಿದರೆ ಕ್ರಿಮಿ ಸಾಯುತ್ತದೆ, ಖನಿಜ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪಾಲು ತುಸು ಏರುತ್ತದೆ. ಆರ್‌ಒ ಘಟಕ ಖನಿಜವನ್ನು ಬಹುಪಾಲು ತೆಗೆಯುತ್ತದೆ, ಆದರೆ ತೊಳೆಯದ ಕ್ಯಾನು, ಬದಲಿಸದ ಫಿಲ್ಟರು, ನೀರಿನಲ್ಲಿ ಅದ್ದಿದ ಕೈಯಿಂದ ಕ್ರಿಮಿ ಮರಳಿ ಸೇರುತ್ತದೆ. ಆದ್ದರಿಂದ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದು, ಆ ನೀರನ್ನೇ ಮತ್ತೆ ಉಕ್ಕಿ ಒಂದು ನಿಮಿಷ ಕುದಿಯುವವರೆಗೆ ಕಾಯಿಸಿ, ನಲ್ಲಿಯಿರುವ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡಿ. ಒಂದು ದಿನದ್ದು ಮರುದಿನಕ್ಕೆ ಬೇಡ. ಹಲ್ಲುಜ್ಜಲೂ ಇದೇ ನೀರು. ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವಂತೆ ಗ್ರಾಮ ಪಂಚಾಯತಿಯಲ್ಲಿ ಕೇಳಿ. ಏಪ್ರಿಲ್, ಮೇ ತಿಂಗಳ ಧಗೆಯಲ್ಲಿ ನೀರು ಕಡಿಮೆ ಕುಡಿದರೆ, ಅದರ ಮೇಲೆ ವಾಂತಿಭೇದಿ ಸೇರಿದರೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಕೆಲವೇ ದಿನಗಳಲ್ಲಿ ಏರುತ್ತದೆ. ದಿನಕ್ಕೆಷ್ಟು ಕುಡಿಯಬೇಕೆಂದು ವೈದ್ಯರಿಂದ ಅಂಕಿ ಪಡೆದು, ಬಾಟಲಿಯಲ್ಲಿ ಅಳೆದು ಕುಡಿಸಿ.

5. ಊಟದ ಬಗ್ಗೆ ಹೆದರಿಕೆ ಅಗತ್ಯಕ್ಕಿಂತ ಹೆಚ್ಚಿದೆ. ಹಸಿ ತರಕಾರಿ, ಹಣ್ಣು ಎಲ್ಲ ನಿಷೇಧಿಸುವ ಕಟ್ಟುನಿಟ್ಟಾದ ಪಥ್ಯ ಸೋಂಕನ್ನು ತಡೆಯುತ್ತದೆಂಬ ಹಳೆಯ ನಂಬಿಕೆ ಪರೀಕ್ಷೆಯಲ್ಲಿ ನಿಂತಿಲ್ಲ. ಇಟಲಿಯ ಹಲವು ಕೇಂದ್ರಗಳಲ್ಲಿ ಕಸಿ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಥ್ಯವಿಲ್ಲದೆ ಶುಚಿಯಾಗಿ ಉಂಡವರಿಗೆ ಹೆಚ್ಚು ಸೋಂಕು ತಗಲಲಿಲ್ಲ. ಹಾಗಾದರೆ ನಮ್ಮಲ್ಲಿಯೂ ಎಲ್ಲ ತಿನ್ನಬಹುದೇ? ಇಟಲಿಯ ನಲ್ಲಿ ನೀರಿನಲ್ಲಿ ತೊಳೆದ ಸೇಬು ಬೇರೆ, ಸಂತೆಯಲ್ಲಿ ಚರಂಡಿ ಪಕ್ಕ ಹರಡಿದ ಕೊತ್ತಂಬರಿ ಬೇರೆ. ಆ ಅಧ್ಯಯನದಿಂದ ನಾವು ಕಲಿಯಬೇಕಾದದ್ದು ಹಸಿಯೋ ಬೆಂದದ್ದೋ ಎಂಬುದಕ್ಕಿಂತ ಶುಚಿ ಮುಖ್ಯ ಎಂಬುದನ್ನು. ಹಂಚಿನಿಂದ ಈಗಷ್ಟೇ ಇಳಿದ ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು ಆರಾಮಾಗಿ ಕೊಡಿ. ಬೂಸ್ಟು ಹಿಡಿದ ಶೇಂಗಾ ನೋಡಿ ಆರಿಸಿ ಎಸೆಯಿರಿ. ಹುರಿಯದ ಮೆಣಸು, ಬೇಯಿಸಿದ ಮೇಲೆ ಉದುರಿಸುವ ಮಸಾಲೆ ಪುಡಿ, ಬಂಡಿಯ ಕಬ್ಬಿನ ಹಾಲು, ಐಸ್ ಗೋಲಾ, ಮುಂಚಿನ ದಿನದ ಅನ್ನ ಬೇಡ. ಮೊಸರು, ಮಜ್ಜಿಗೆ ಯಾವಾಗ ಶುರುಮಾಡಬೇಕೆಂದು ನಿಮ್ಮ ಘಟಕವನ್ನು ಕೇಳಿ, ಒಂದೊಂದು ಕಡೆ ಒಂದೊಂದು ನಿಯಮವಿದೆ. ಸ್ಟೀರಾಯ್ಡ್ ನಡೆದಿದ್ದರೆ ರಕ್ತದ ಸಕ್ಕರೆ ನೋಡಿಸಿ.

6. ಧೂಳಿಗೆ ಹೆದರಿ, ಮನುಷ್ಯರಿಗಲ್ಲ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಪುಪ್ಪುಸಕ್ಕೆ ಇಳಿದರೆ ತೆಗೆಯುವುದು ಬಲು ಕಷ್ಟ. ಅದರ ಬೀಜಕಣಗಳು ಇರುವುದೇ ರಾಶಿಯ ಹೊಟ್ಟಿನಲ್ಲಿ, ಬಣವಿಯಲ್ಲಿ, ಹಳೆಯ ಕಾಳಿನ ಚೀಲದಲ್ಲಿ, ಒಡೆದ ಗೋಡೆಯ ಧೂಳಿನಲ್ಲಿ. ತೊಗರಿ, ಭತ್ತದ ರಾಶಿ ನಡೆಯುವಾಗ ಹೊಲದ ಹತ್ತಿರ ಹೋಗದಿರಲಿ. ದನದ ಕೊಟ್ಟಿಗೆ, ಸೆಗಣಿಯಿಂದ ಸಾರಿಸುವ ಕೆಲಸ ಮನೆಯ ಬೇರೆಯವರದಾಗಲಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಯಾದಗಿರಿ ಜಿಲ್ಲೆಯಿಂದ ದುಡಿಯಲು ಹೋದ ಎಷ್ಟೋ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸದ ಜಾಗದಲ್ಲಿಯೇ ಶೆಡ್ಡು ಹಾಕಿಕೊಂಡಿರುತ್ತವೆ. ಬಾಡಿಗೆ ಉಳಿಸಲೆಂದು ಕಸಿಯಾದವರನ್ನು ಆ ಶೆಡ್ಡಿನಲ್ಲಿ ನೂರು ದಿನ ಇರಿಸುವುದು ಊರಿಗೆ ಕರೆತರುವುದಕ್ಕಿಂತ ಹೆಚ್ಚಿನ ಅಪಾಯ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಧರ್ಮಶಾಲೆಯ ಬಗ್ಗೆ ಕೇಳಿ.

ಜಾತ್ರೆ, ಉರುಸು, ಮದುವೆಗಳ ಗದ್ದಲ ಮೊದಲ ವರ್ಷ ಬೇಡ. ಮೈಲಾಪುರದ ಜಾತ್ರೆಯಲ್ಲಿ ಭಂಡಾರದ ಪುಡಿ ಹಾರುವಲ್ಲಿಗಂತೂ ಬೇಡವೇ ಬೇಡ. ಹಾಗೆಂದು ಒಂಟಿ ಕೋಣೆಯಲ್ಲಿ ಕೂಡಿಹಾಕಬೇಕಿಲ್ಲ. ಕೈ ತೊಳೆದ, ನೆಗಡಿ ಕೆಮ್ಮಿಲ್ಲದ ಮನೆಮಂದಿಯ ಜೊತೆ ಕೂತು ಉಣ್ಣಲಿ. ಈ ಕಾಯಿಲೆ ಮುಟ್ಟಿದರೆ ಯಾರಿಗೂ ಬರುವಂಥದ್ದಲ್ಲ. ಸೊಳ್ಳೆಪರದೆ ಕಡ್ಡಾಯ.

7. ಬಿಸಿಲು ಈ ಭಾಗದಲ್ಲಿ ತಪ್ಪಿಸಿಕೊಳ್ಳಲಾಗದ್ದು. ಬಿಸಿಲಿನ ಕಿರಣ ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸುತ್ತದೆ, ವೊರಿಕೊನಜೋಲ್ ನುಂಗುವವರ ಚರ್ಮವಂತೂ ಬೇಗ ಸುಡುತ್ತದೆ. ತುಂಬುತೋಳಿನ ಹತ್ತಿ ಬಟ್ಟೆ, ಕೊಡೆ, ಹಗಲು ಹತ್ತರಿಂದ ನಾಲ್ಕರವರೆಗೆ ನೆರಳು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದು, ಹೊಸ ಗುಳ್ಳೆಗಳನ್ನು ಉಷ್ಣವೆಂದು, ಭೇದಿಯನ್ನು ಊಟದ ದೋಷವೆಂದು ತಳ್ಳಿಹಾಕುವುದು. ಅಂಗೈ, ಅಂಗಾಲು, ಕಿವಿಯ ಸುತ್ತ ಶುರುವಾಗುವ ಕೆಂಪು, ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರುಭೇದಿ, ಹಳದಿ ಕಣ್ಣು ಕಂಡರೆ ಜಿವಿಎಚ್‌ಡಿ ಅಲ್ಲವೆಂದು ಖಾತ್ರಿಯಾಗುವವರೆಗೆ ಬಿಡಬಾರದು. ಭೇದಿಯನ್ನು ಡಬ್ಬಿಯಲ್ಲಿ ಅಳೆದರೆ ಫೋನಿನಲ್ಲಿಯೇ ವೈದ್ಯರಿಗೆ ತೀವ್ರತೆ ತಿಳಿಯುತ್ತದೆ. ಮೊದಲ ಚಿಕಿತ್ಸೆ ಸ್ಟೀರಾಯ್ಡ್, ಅದಕ್ಕೆ ಬಗ್ಗದಿದ್ದರೆ ರುಕ್ಸೊಲಿಟಿನಿಬ್ ಮುಂತಾದವು. ಎರಡೂ ಬೇಗ ಶುರುವಾದಷ್ಟು ಒಳ್ಳೆಯದು. ಭೇದಿ ನಿಲ್ಲಿಸುವ ಗುಳಿಗೆ ನುಂಗಿ ಸುಮ್ಮನಾದರೆ ಒಳಗಿನ ಬೆಂಕಿ ಕಾಣದಂತಾಗುತ್ತದೆ, ಅಷ್ಟೇ.

ಎರಡನೆಯದು, ಮೈಕೈ ನೋವಿಗೆ ಊರಿನ ಆರ್‌ಎಂಪಿ ಹತ್ತಿರ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸುವುದು. ಮೂತ್ರಪಿಂಡಕ್ಕೆ ಪೆಟ್ಟು, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಾವು.

ಮೂರನೆಯದು, ಶಕ್ತಿ ಬರಲೆಂದು ಕಷಾಯ ಕುಡಿಸುವುದು. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆ ವಾದದಲ್ಲಿ ಯಾರ ಕಡೆ ನಿಂತರೂ ಇಲ್ಲಿನ ಉತ್ತರ ಬದಲಾಗುವುದಿಲ್ಲ. ಬೇರೆಯವರ ಕೋಶ ಪಡೆದವರಲ್ಲಿ ನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿಟ್ಟಿರುತ್ತಾರೆ. ಅದನ್ನು ಹೆಚ್ಚಿಸುತ್ತದೆ ಎನ್ನುವ ಮದ್ದು ಸುಳ್ಳಾದರೆ ವ್ಯರ್ಥ, ನಿಜವಾದರೆ ಅಪಾಯ.

ನಾಲ್ಕನೆಯದು ಬಲು ಭಾರಿ ತಪ್ಪು, ಮತ್ತು ಒಳ್ಳೆಯ ಮನಸ್ಸಿನಿಂದಲೇ ಆಗುವಂಥದ್ದು. ಹಿಮೋಗ್ಲೋಬಿನ್ ಇಳಿದಿದೆಯೆಂದರೆ ಅಣ್ಣತಮ್ಮಂದಿರು ರಕ್ತ ಕೊಡಲು ಮುಂದೆ ಬರುತ್ತಾರೆ. ಕಸಿಯಾದವರಿಗೆ ಕೊಡುವ ರಕ್ತವನ್ನು ವಿಕಿರಣಕ್ಕೆ ಒಡ್ಡಿರಬೇಕು. ಇಲ್ಲದಿದ್ದರೆ ಆ ರಕ್ತದ ಬಿಳಿಕಣಗಳು ದೇಹದಲ್ಲಿ ನೆಲೆಯೂರಿ, ಬಹುತೇಕ ಯಾರೂ ಬದುಕುಳಿಯದ ಜಿವಿಎಚ್‌ಡಿ ತರಬಲ್ಲವು. ಹತ್ತಿರದ ಸಂಬಂಧಿಯ ರಕ್ತವಾದರೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅರ್ಧ ಹೋಲುವ ಆ ಕಣಗಳನ್ನು ದೇಹ ಹೊರಗಿನವೆಂದು ಗುರುತಿಸಿ ಹೊಡೆಯುವುದಿಲ್ಲ. ರಕ್ತಕ್ಕೆ ವಿಕಿರಣ ಕೊಡುವ ಯಂತ್ರ ಸಣ್ಣ ರಕ್ತನಿಧಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿ ಪತ್ರದಲ್ಲಿ ಸೇರಿಸಿ. ಜೊತೆಗೆ, ದಾನಿಯ ಗುಂಪು ಬೇರೆಯಾಗಿದ್ದರೆ ರೋಗಿಯ ರಕ್ತದ ಗುಂಪೇ ತಿಂಗಳುಗಳಲ್ಲಿ ಬದಲಾಗುತ್ತದೆ. ಹಳೆಯ ಕಾರ್ಡು ನೋಡಿ ರಕ್ತ ತರಬಾರದು. ಕಸಿಗೆ ಇನ್ನೂ ಕಾಯುತ್ತಿರುವ ಥಲಸ್ಸೀಮಿಯಾ ಮಕ್ಕಳಿಗೂ ಮನೆಯವರ ರಕ್ತ ಬೇಡ, ಮುಂದೆ ದಾನಿಯ ಕೋಶವನ್ನು ದೇಹ ತಳ್ಳಿಹಾಕಬಹುದು.

ಖರ್ಚು ಮತ್ತು ಮುಂದಿನ ವರ್ಷಗಳು

ಇಷ್ಟೆಲ್ಲ ಮಾಡುವ ಬದಲು ಒಂದು ವರ್ಷ ಬೆಂಗಳೂರಿನಲ್ಲಿಯೇ ಇದ್ದರಾಗದೇ ಎನ್ನಬಹುದು. ಬೇರೆಯವರ ಕೋಶ ಪಡೆದವರು ಸುಮಾರು ನೂರು ದಿನ ಆಸ್ಪತ್ರೆಯ ಹತ್ತಿರ ಇರಲೇಬೇಕು, ಅದರಲ್ಲಿ ರಾಜಿಯಿಲ್ಲ. ಅದರಾಚೆ ಕೂಲಿ ಬಿಟ್ಟು, ಬಾಡಿಗೆ ಕಟ್ಟುತ್ತ ಉಳಿದ ಕುಟುಂಬ ಕೊನೆಗೆ ಕೈ ಬಿಡುವುದು ಗುಳಿಗೆಯ ಖರ್ಚನ್ನೇ. ಹಣ ಮುಗಿದರೆ ಗುಳಿಗೆ ಅರ್ಧ ಮಾಡುವ ಮುಂಚೆ ಆಸ್ಪತ್ರೆಗೆ ತಿಳಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಮುಖ್ಯಮಂತ್ರಿ ಪರಿಹಾರ ನಿಧಿ, ಥಲಸ್ಸೀಮಿಯಾ ಮಕ್ಕಳಿಗಾದರೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆ, ಇವುಗಳ ಅರ್ಜಿ ಹಾಕಿಸುವವರು ಅಲ್ಲಿಯೇ ಇರುತ್ತಾರೆ. ಕ್ಯಾನ್ಸರ್ ಮತ್ತು ಥಲಸ್ಸೀಮಿಯಾ ರೋಗಿಗಳಿಗೂ ಜೊತೆಗಾರರಿಗೂ ರೈಲ್ವೆ ರಿಯಾಯಿತಿಯಿದೆ, ಆಸ್ಪತ್ರೆಯ ಪ್ರಮಾಣಪತ್ರ ಯಾದಗಿರಿ ಸ್ಟೇಷನ್ನಿನಲ್ಲಿ ತೋರಿಸಿ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆಯಿದೆ, ನಡುವಿನ ತಪಾಸಣೆಗಳಲ್ಲಿ ಯಾವುವನ್ನು ಅಲ್ಲಿ ಮಾಡಿಸಬಹುದೆಂದು ಕೇಳಿ ನೋಡಿ.

ಒಂದು ವರ್ಷ ದಾಟಿದವರು ಕಣ್ಣು ಉರಿ, ಬಾಯಿ ಒಣಗುವುದು, ಚರ್ಮ ಬಿಗಿಯಾಗುವುದು, ಮೆಟ್ಟಿಲೇರಿದರೆ ಏದುಸಿರು ಬರುವುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು. ಇವು ದೀರ್ಘಕಾಲದ ಜಿವಿಎಚ್‌ಡಿಯ ಗುರುತುಗಳು. ಪುಪ್ಪುಸ ಒಮ್ಮೆ ಗಟ್ಟಿಯಾದರೆ ಮರಳಿ ಸಡಿಲಾಗುವುದಿಲ್ಲ. ಥೈರಾಯ್ಡ್, ಮೂಳೆ, ಕಣ್ಣಿನ ಪೊರೆ ವರ್ಷಕ್ಕೊಮ್ಮೆ ನೋಡಿಸಿ. ಬಾಯಿಯ ಕ್ಯಾನ್ಸರ್ ಇವರಲ್ಲಿ ಬೇರೆಯವರಿಗಿಂತ ಹೆಚ್ಚು, ಗುಟ್ಕಾ ಮಾತು ಅಲ್ಲಿಗೇ ಮುಗಿಯಿತು.

ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆ ಕಸಿಯ ನಂತರ ಕರಗಿಹೋಗುತ್ತದೆ, ದೊಡ್ಡವರಿಗೂ ಮೊದಲಿನಿಂದ ಹಾಕಿಸಬೇಕು. ನ್ಯುಮೋಕಾಕಸ್, ಫ್ಲೂ ಮುಂತಾದ ನಿರ್ಜೀವ ಲಸಿಕೆಗಳು ಮೂರರಿಂದ ಹನ್ನೆರಡು ತಿಂಗಳ ನಡುವೆ ಶುರುವಾಗುತ್ತವೆ. ದಡಾರದಂಥ ಜೀವಂತ ಲಸಿಕೆಗೆ ಎರಡು ವರ್ಷ ಕಾಯಬೇಕು, ಜಿವಿಎಚ್‌ಡಿಯೂ ಅದರ ಗುಳಿಗೆಗಳೂ ನಿಂತಿರಬೇಕು. ಮನೆಯವರೆಲ್ಲ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ. ಪಲ್ಸ್ ಪೋಲಿಯೋ ದಿನ ಮನೆಯ ಕೂಸಿಗೆ ಹನಿ ಹಾಕಿಸುವ ಮುಂಚೆ ಆಶಾ ಕಾರ್ಯಕರ್ತೆಗೆ ಕಸಿಯ ವಿಷಯ ಹೇಳಿ, ಕಸಿ ಘಟಕಕ್ಕೆ ಫೋನ್ ಮಾಡಿ. ಹನಿಯ ಜೀವಂತ ವೈರಸ್ ಕೂಸಿನ ಮಲದಲ್ಲಿ ಕೆಲವು ವಾರ ಹೊರಬೀಳುತ್ತದೆ. ಚುಚ್ಚುಮದ್ದಿನ ಪೋಲಿಯೋ ಲಸಿಕೆಯಲ್ಲಿ ಆ ತೊಂದರೆಯಿಲ್ಲ. ಹನಿಯನ್ನು ಆಗಲೇ ಹಾಕಿಸಿಯಾಗಿದ್ದರೆ ಕೂಸಿನ ಬಟ್ಟೆ ಬದಲಿಸುವ, ತೊಳೆಯುವ ಕೆಲಸದಿಂದ ರೋಗಿಯನ್ನು ನಾಲ್ಕರಿಂದ ಆರು ವಾರ ದೂರವಿಡಿ.